ಕಾಲ್ಟ್ ಅಂದರೆ ಬರೀ ತಣ್ಣಗಲ್ಲ: ಜರ್ಮನಿಯ ಬಾಡಿಗೆ ಜಾಹೀರಾತು
ಕೆಲಸಕ್ಕೆ ಜರ್ಮನಿಗೆ ಬರುವ ಮುಂಚೆ ಮನೆ ಹುಡುಕುತ್ತಿದ್ದೀರಿ. ಜಾಹೀರಾತಿನಲ್ಲಿ "ಕಾಲ್ಟ್ 700, ವಾರ್ಮ್ 900 ಯೂರೊ" ಅಂತಿದೆ, ಬೇಸಿಗೆಗೊಂದು ಚಳಿಗಾಲಕ್ಕೊಂದು ಬಾಡಿಗೆಯೇ ಅಂತ ಕೇಳಿದ್ದೀರಿ.

ಅಲ್ಲ. ಕಾಲ್ಟ್ ಅಂದರೆ ತಣ್ಣಗೆ ನಿಜ, ಆದರೆ ಇಲ್ಲಿ ಅದು ಬರೀ ಜಾಗದ ಬಾಡಿಗೆ. ವಾರ್ಮ್‌ನಲ್ಲಿ ಹೀಟಿಂಗ್, ನೀರು, ಕಸ, ಮೆಟ್ಟಿಲು ಗುಡಿಸುವ ಖರ್ಚು ಸೇರಿರುತ್ತೆ. ಕರೆಂಟು, ಇಂಟರ್ನೆಟ್ ಸಾಮಾನ್ಯವಾಗಿ ಸೇರಿರಲ್ಲ. ಎಲ್ಲರೂ ಎಡವೋದು ಇಲ್ಲಿ: ಮೇಲಿನ ಆ 200 ಹೆಚ್ಚಿನ ಕಡೆ ಬರೀ ಅಂದಾಜು. ವರ್ಷಕ್ಕೊಮ್ಮೆ ನಿಜವಾದ ಲೆಕ್ಕ ಬರುತ್ತೆ. ಕಿಟಕಿ ಓರೆ ತೆರೆದಿಟ್ಟು ದಿನವಿಡೀ ಹೀಟರ್ ಹಾಕಿದ್ದರೆ ಬಾಕಿ ಕಟ್ಟಬೇಕು, ಕಮ್ಮಿ ಬಳಸಿದ್ದರೆ ದುಡ್ಡು ವಾಪಸ್. ಲೆಕ್ಕದ ಅವಧಿ ಮುಗಿದು 12 ತಿಂಗಳಾದರೂ ಮಾಲೀಕರು ಲೆಕ್ಕ ಕೊಡದಿದ್ದರೆ, ಆಮೇಲೆ ಸಾಮಾನ್ಯವಾಗಿ ಬಾಕಿ ಕೇಳುವಂತಿಲ್ಲ.

ಇಂಗ್ಲಿಷ್ ಚೆನ್ನಾಗಿ ಬರುವವರಿಗೇ ಗೊಂದಲ ಜಾಸ್ತಿ. "ರೆಂಟೆ" ಬಾಡಿಗೆಯಲ್ಲ, ಪಿಂಚಣಿ, ಬಾಡಿಗೆಗೆ "ಮೀಟೆ". "ಪ್ರೊವಿಝಿಯೋನ್" ದಿನಸಿಯಲ್ಲ, ಬ್ರೋಕರ್ ಕಮಿಷನ್. 2015ರಿಂದ ಬ್ರೋಕರನ್ನು ಕರೆಸಿದವರೇ ಅದನ್ನು ಕೊಡಬೇಕು, ಮಾಲೀಕರು ಕರೆಸಿದ್ದರೆ ನಿಮ್ಮ ಜೇಬಿಗೆ ಕೈ ಹಾಕುವಂತಿಲ್ಲ. "ಕೌಟ್ಸಿಯೋನ್" ಅಂದರೆ ಅಡ್ವಾನ್ಸ್ (ಕಾಲೇಜಲ್ಲಿ ಕಾಷನ್ ಡೆಪಾಸಿಟ್ ಕಟ್ಟಿದವರಿಗೆ ಇದು ಸಲೀಸು). ಅದು ಮೂರು ತಿಂಗಳ ಕಾಲ್ಟ್ ಬಾಡಿಗೆ ಮೀರಬಾರದು, ಅಂದರೆ ಈ ಮನೆಗೆ 2,100. ಮೂರು ತಿಂಗಳ ಕಂತಿನಲ್ಲಿ ಕಟ್ಟುವ ಹಕ್ಕೂ ನಿಮಗಿದೆ. ಮನೆ ನೋಡದೆ, ಕರಾರಿಗೆ ಸಹಿ ಆಗದೆ ಮಾತ್ರ ಒಂದು ಯೂರೊವನ್ನೂ ಕಳಿಸಬೇಡಿ.

"2 ತ್ಸಿಮ್ಮರ್" ನೋಡಿ ಟೂ ಬಿಎಚ್‌ಕೆ ಅಂದುಕೊಳ್ಳಬೇಡಿ. ಹಾಲ್ ಕೂಡ ಒಂದು ತ್ಸಿಮ್ಮರ್. ಅಡುಗೆಮನೆ, ಬಚ್ಚಲು ಲೆಕ್ಕಕ್ಕಿಲ್ಲ. ಅಲ್ಲಿಗೆ ಅದು ಒನ್ ಬಿಎಚ್‌ಕೆ. ಅಡುಗೆಮನೆ ಇದೆ ಅಂದರೂ ಒಳಗೆ ಬರೀ ನಲ್ಲಿ ಪೈಪು, ಒಲೆಯ ವೈರು ಮಾತ್ರ ಇರಬಹುದು. ಸಿಂಕು, ಒಲೆ, ಕಪಾಟು ಬೇಕಿದ್ದರೆ "ಇಬಿಕೆ" ಅನ್ನುವ ಮೂರಕ್ಷರ ಹುಡುಕಿ.

ಇನ್ನು ಮನೆ ನೋಡಲು ಹೊತ್ತು ಕೊಡುವಾಗ "ಹಾಲ್ಬ್ ದ್ರೈ" ಅಂದರೆ ಎರಡೂವರೆ. ಹಾಲ್ಬ್ ಅಂದರೆ ಅರ್ಧ, ದ್ರೈ ಅಂದರೆ ಮೂರು ಅಂತ ಕಲಿತವರು ಮೂರೂವರೆಗೆ ಹೋಗಿ ಬಾಗಿಲು ತಟ್ಟುತ್ತಾರೆ, ಅಷ್ಟರಲ್ಲಿ ಮನೆ ಬೇರೆಯವರ ಪಾಲಾಗಿರುತ್ತೆ. ಉತ್ತರದಲ್ಲಿ 14.30 ಅಂತ ಅಂಕಿಯಲ್ಲೇ ಬರೆದು ಖಚಿತ ಮಾಡಿಕೊಳ್ಳಿ.