ಪ್ರತಿಕ್ರಿಯೆ: 31ನೇ ವಾರದಲ್ಲಿ ಸ್ಟೀರಾಯ್ಡ್ ಚುಚ್ಚುಮದ್ದು, ಮಗುವಿಗೆ ಮುಂದೆ ತೊಂದರೆಯೇ?

ಸಕಲೇಶಪುರದಿಂದ ಬರೆದಿರುವ ಸಹೋದರಿ, 31ನೇ ವಾರಕ್ಕೇ ನೋವು ಬಂದು ಹಾಸನದಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದು ಕೊಟ್ಟರು, ಈಗ ನೋವು ನಿಂತಿದೆ, ಮಗುವಿಗೆ ಮುಂದೆ ಸಕ್ಕರೆ ಕಾಯಿಲೆ ಬರುತ್ತದೆಯೇ ಎಂದು ಕೇಳಿದ್ದೀರಿ. ನಿಮ್ಮನ್ನು ಹೆದರಿಸಿದ ನೆಂಟರು ಜಿಮ್‌ನ ಹುಡುಗರು ತೆಗೆದುಕೊಳ್ಳುವ ಸ್ಟೀರಾಯ್ಡನ್ನು ನೆನೆದಿರಬೇಕು. ಅದೇ ಬೇರೆ, ಇದೇ ಬೇರೆ.

ಹನ್ನೆರಡು ಗಂಟೆಗೊಮ್ಮೆ 6 ಮಿಲಿಗ್ರಾಂನಂತೆ ನಾಲ್ಕು ಬಾರಿ ಕೊಡುವ ಈ ಮದ್ದು ಮಗುವಿನ ಶ್ವಾಸಕೋಶವನ್ನು ಬೇಗ ಪಕ್ವಗೊಳಿಸುತ್ತದೆ. ಅವಧಿಗೆ ಮೊದಲೇ ಹೆರಿಗೆಯಾದರೆ ಮಗುವಿನ ಉಸಿರು ಉಳಿಸುವುದು ಇದೇ. ನ್ಯೂಜಿಲೆಂಡ್‌ನ ವೈದ್ಯರಾದ ಲಿಗಿನ್ಸ್ ಮತ್ತು ಹೋವಿ 1972ರಲ್ಲಿ ಇದನ್ನು ಮೊದಲು ತೋರಿಸಿದರು. ಅವರು ಬಳಸಿದ್ದು ಇದರ ಸಮೀಪಬಂಧು ಬೀಟಾಮೆಥಾಸೋನ್. ಆ ಪ್ರಯೋಗದಲ್ಲಿ ಮದ್ದು ಪಡೆದ ತಾಯಂದಿರ ಮಕ್ಕಳನ್ನು 30ರ ವಯಸ್ಸಿನಲ್ಲಿ ಮತ್ತೆ ಪರೀಕ್ಷಿಸಿ, ಮದ್ದು ಪಡೆಯದವರ ಮಕ್ಕಳೊಂದಿಗೆ ಹೋಲಿಸಿದಾಗ ರಕ್ತದೊತ್ತಡ, ಕೊಲೆಸ್ಟರಾಲ್ ಯಾವುದರಲ್ಲೂ ವ್ಯತ್ಯಾಸ ಕಾಣಲಿಲ್ಲ. ಗ್ಲೂಕೋಸ್ ಕುಡಿಸಿ ನೋಡಿದಾಗ ಇನ್ಸುಲಿನ್ ಮಟ್ಟ ತುಸು ಹೆಚ್ಚಿತ್ತು, ಆದರೆ ಸಕ್ಕರೆ ಕಾಯಿಲೆ ಹೆಚ್ಚಿರಲಿಲ್ಲ.

ಮುಚ್ಚಿಡುವುದೇಕೆ, ಇನ್ನೊಂದು ಮಾತೂ ಇದೆ. ಫಿನ್‌ಲೆಂಡ್‌ನ ಮಕ್ಕಳ ಕುರಿತು 2020ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದು, ಮದ್ದು ಪಡೆದೂ ದಿನ ತುಂಬಿ ಹುಟ್ಟಿದ ಮಕ್ಕಳಲ್ಲಿ ವರ್ತನೆಯ ತೊಂದರೆಗಳು ಸ್ವಲ್ಪ ಹೆಚ್ಚೆಂದಿತು. ಮದ್ದೇ ಕಾರಣವೆಂದು ಅದು ಸಾಧಿಸಲಿಲ್ಲ. ಆದರೂ ಬೇಕಾಬಿಟ್ಟಿ ಕೊಡಬಾರದೆನ್ನಲು ಅಷ್ಟು ಸಾಕು. ನಿಮ್ಮ ವೈದ್ಯರು ಕೊಟ್ಟದ್ದು ಬೇಕಾಬಿಟ್ಟಿಯಲ್ಲ.

ಎರಡನೇ ಸುತ್ತು ಕೊಡುತ್ತೇವೆಂದರೆ ಮಾತ್ರ ಏಕೆಂದು ಕೇಳಿ. ಪದೇ ಪದೇ ಕೊಟ್ಟರೆ ಮಗುವಿನ ತೂಕ ಕುಗ್ಗಬಹುದು. ತಾಯಿ ಕಾರ್ಡಿನಲ್ಲಿ ಮದ್ದಿನ ಹೆಸರು, ದಿನಾಂಕ ಬರೆಸಿಕೊಳ್ಳಿ. ಕೆಲವು ದಿನ ನಿಮ್ಮ ಸಕ್ಕರೆ ಅಂಶವೇ ಏರಿ ಕಾಣಬಹುದು, ಗಾಬರಿ ಬೇಡ. ನೋವು ಮರುಕಳಿಸಿದರೆ ಘಾಟಿಯ ಮಳೆ ನಿಲ್ಲಲೆಂದು ಕಾಯದೆ ಹೊರಡಿ.