ಬೆರಿಲ್ ಚಂಡಮಾರುತ ಹೋದ ಮರುದಿನ ರಾತ್ರಿ

ಎಷ್ಟು ವಾಟ್ ಜನರೇಟರ್ ತಗೊಳ್ಳಲಿ, ಚಂಡಮಾರುತ ಕೆಟಗರಿ 1 (ಐದು ಮಟ್ಟಗಳಲ್ಲಿ ಎಲ್ಲಕ್ಕಿಂತ ಕಡಿಮೆಯದ್ದು) ಆದರೆ ಮೈಸೂರಿನಿಂದ ಬಂದಿರುವ ಅತ್ತೆ ಮಾವನ ಜೊತೆ ಅಮೆರಿಕದ ಟೆಕ್ಸಸ್‌ನಲ್ಲಿರುವ ಹ್ಯೂಸ್ಟನ್ ಮನೆಯಲ್ಲೇ ಇದ್ದುಬಿಡಬಹುದಲ್ವಾ ಅಂತ ಕೇಳಿದ್ದೀರಿ. 2024ರ ಜುಲೈನಲ್ಲಿ ನಮ್ಮ ಮನೆಯಲ್ಲೂ ಇದೇ ಮಾತು ನಡೆದಿತ್ತು. ಆಗ ಶಿವಮೊಗ್ಗದ ಸಾಗರದಿಂದ ಅಮ್ಮ ಬಂದಿದ್ದರು. ಅವರಿಗೆ 71 ವರ್ಷ.

ಬೆರಿಲ್ ಮೊದಲು ಮೆಕ್ಸಿಕೋ ಗಡಿ ಕಡೆ ಹೋಗುತ್ತೆ ಅಂತಿದ್ದರು. ಜುಲೈ 4ರ ರಜೆ ಬೇರೆ, ಬೀದಿಯಲ್ಲಿ ಅರ್ಧ ಜನ ಊರಲ್ಲಿರಲಿಲ್ಲ. ವಾರಾಂತ್ಯದ ಹೊತ್ತಿಗೆ ಅದರ ದಾರಿ ನಮ್ಮ ಕಡೆ ಸರಿಯಿತು. ತಯಾರಿಯಲ್ಲಿ ನಾವು ಕಡಿಮೆ ಮಾಡಲಿಲ್ಲ. ಬಾತ್‌ಟಬ್ ತುಂಬಿಸಿದೆವು, ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಐಸ್ ಮಾಡಿಟ್ಟೆವು, ಎರಡೂ ಕಾರಿಗೆ ಪೆಟ್ರೋಲ್ ಹಾಕಿಸಿದೆವು, ಹಿತ್ತಲಿನ ಕುರ್ಚಿ, ಹೂಕುಂಡ, ತುಳಸಿ ಗಿಡ ಎಲ್ಲ ಒಳಗೆ ತಂದೆವು. ಅಮ್ಮ ಅವಲಕ್ಕಿಗೆ ಒಗ್ಗರಣೆ ಹಾಕಿ ಎರಡು ಡಬ್ಬಿ ತುಂಬಿಟ್ಟರು. ಕರೆಂಟ್ ಹೋದರೆ ಹೋಗಲಿ ಬಿಡು, ಮಳೆಗಾಲದಲ್ಲಿ ವಾರಗಟ್ಟಲೆ ಕರೆಂಟಿಲ್ಲದೆ ಇದ್ದವಳು ನಾನು ಅಂದರು.

ಜುಲೈ 8, ಸೋಮವಾರ ಬೆಳಗಿನ ಜಾವ 4 ಗಂಟೆ ಸುಮಾರಿಗೆ ಅದು ಟೆಕ್ಸಸ್ ಕರಾವಳಿಯ ಮ್ಯಾಟಗೋರ್ಡ ಹತ್ತಿರ ದಡ ಮುಟ್ಟಿತು. ಗಂಟೆಗೆ ಸುಮಾರು 130 ಕಿಲೋಮೀಟರ್ ಗಾಳಿ. ಕೆಟಗರಿ 1 ಅಷ್ಟೇ. ಹ್ಯೂಸ್ಟನ್ ಪಕ್ಕದ ಶುಗರ್ ಲ್ಯಾಂಡ್‌ನ ನಮ್ಮ ಮನೆಯಲ್ಲಿ ಮೆಟ್ಟಿಲ ಕೆಳಗೆ, ಕಿಟಕಿಯಿಲ್ಲದ ಜಾಗದಲ್ಲಿ ನಾಲ್ಕೂ ಜನ ಒತ್ತಿಕೊಂಡು ಕೂತೆವು. ಬೇಲಿ ಮಲಗಿತು, ಪಕ್ಕದ ಮನೆಯ ಓಕ್ ಮರ ರಸ್ತೆಗೆ ಬಿತ್ತು, ಕರೆಂಟ್ ಹೋಯಿತು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದಿತ್ತು. ಮುಗಿಯಿತು ಅಂತಲೇ ನಾವೂ ಅಂದುಕೊಂಡೆವು.

22 ಲಕ್ಷಕ್ಕೂ ಹೆಚ್ಚು ಮನೆ, ಅಂಗಡಿಗಳಿಗೆ ಕರೆಂಟ್ ಇರಲಿಲ್ಲ. ಯಾವ ಏರಿಯಾಗೆ ಬಂತು ಅಂತ ತಿಳಿಯಲು ಜನ ವಾಟಬರ್ಗರ್ ಅನ್ನೋ ಬರ್ಗರ್ ಅಂಗಡಿಯ ಆ್ಯಪ್ ತೆರೆದು ಯಾವ ಶಾಖೆ ನಡೀತಿದೆ ಅಂತ ನೋಡುತ್ತಿದ್ದರು. ಸೆಕೆ ಅಂದರೆ ಮೈಗೆ 40 ಡಿಗ್ರಿ ದಾಟಿದ ಹಾಗೆ. ಸಾಗರದ ಮನೆಗೆ ಹೆಂಚು, ಅಂಗಳ, ಎದುರು ಬದುರು ಕಿಟಕಿ ಇದೆ, ಗಾಳಿ ಆಡುತ್ತೆ. ಇಲ್ಲಿನ ಮನೆ ಏಸಿಗೆಂದೇ ಕಟ್ಟಿದ ಮುಚ್ಚಿದ ಪೆಟ್ಟಿಗೆ. ಏಸಿ ನಿಂತರೆ ಒಳಗೆ ಬೇಯುತ್ತೀರಿ.

ನಮ್ಮ ಹತ್ತಿರ ಜನರೇಟರ್ ಇತ್ತು. ಮೇ 16ರ ಬಿರುಗಾಳಿಗೆ ಕರೆಂಟ್ ಹೋದಾಗ ಕೊಂಡಿದ್ದು. ಸೋಮವಾರ ಅದನ್ನು ಹಿತ್ತಲಲ್ಲಿ ಓಡಿಸಿದೆ. ಮಂಗಳವಾರ ರಾತ್ರಿ ಗ್ಯಾರೇಜಿಗೆ ತಂದೆ. ಯಾಕೆ ತಂದೆ ಅಂತ ಇವತ್ತಿಗೂ ಯೋಚಿಸುತ್ತೇನೆ. ಬೇಲಿ ಬಿದ್ದಿತ್ತು, ಯಾರಾದರೂ ಹೊತ್ತುಕೊಂಡು ಹೋಗಬಹುದು ಅನ್ನಿಸಿತು. ಮಳೆ ಬಂದರೆ ನೆನೆಯುತ್ತೆ ಅಂತಲೂ ಅನ್ನಿಸಿತು. ಗ್ಯಾರೇಜಿನ ದೊಡ್ಡ ಬಾಗಿಲು ಅರ್ಧ ಎತ್ತಿಟ್ಟಿದ್ದೆ, ಹೊಗೆ ಹೊರಗೆ ಹೋಗುತ್ತೆ ಅಂತ ಜನರೇಟರಿನ ಹೊಗೆ ಬಾಯಿಯನ್ನೂ ರಸ್ತೆ ಕಡೆ ತಿರುಗಿಸಿದ್ದೆ. ಇಷ್ಟು ಜಾಗ್ರತೆ ಮಾಡಿದ್ದೇನೆ, ಸಾಕು ಅಂದುಕೊಂಡೆ. ಸಾಕಾಗಲಿಲ್ಲ. ಜನರೇಟರಿನ ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಬಾಗಿಲು ಪೂರ್ತಿ ತೆಗೆದಿಟ್ಟರೂ ಗ್ಯಾರೇಜಿನಲ್ಲಿ ಅದು ತುಂಬಿಕೊಳ್ಳುತ್ತೆ. ಇನ್ನೊಂದು ಇದೆ. ಗ್ಯಾರೇಜಿನಿಂದ ಒಳಗೆ ಎಳೆದ ವೈರು ಇತ್ತಲ್ಲ, ಕಿತ್ತಳೆ ಬಣ್ಣದ ದಪ್ಪ ವೈರು, ಅದರ ಮೇಲೆ ಮನೆಯೊಳಗಿನ ಬಾಗಿಲು ಪೂರ್ತಿ ಕೂರುತ್ತಿರಲಿಲ್ಲ. ಒಂದು ಬೆರಳಿನಷ್ಟು ಸಂದು. ಆ ಬಾಗಿಲ ಪಕ್ಕದ್ದೇ ಅಮ್ಮನ ರೂಮು. ಮಂಡಿನೋವು, ಮೆಟ್ಟಿಲು ಹತ್ತುವುದು ಬೇಡ ಅಂತ ಅವರಿಗೆ ಕೆಳಗಿನ ರೂಮು ಕೊಟ್ಟಿದ್ದೆವು. ಅಲಾರ್ಮ್ ಇದ್ದಿದ್ದು ಮಹಡಿಯಲ್ಲಿ ಮಾತ್ರ, ಅದೂ ಹೊಗೆಯದ್ದು.

ರಾತ್ರಿ 11ಕ್ಕೆ ಅಮ್ಮ ತಲೆನೋವು ಅಂದರು. ಸೆಕೆಗೆ ಅಂದೆ. ಮಜ್ಜಿಗೆ ಕೊಟ್ಟೆ. ಕೋವಿಡ್ ಸಮಯದಲ್ಲಿ ಕೊಂಡಿದ್ದ ಆಕ್ಸಿಮೀಟರ್ ಬೆರಳಿಗೆ ಹಾಕಿ ನೋಡಿದರೆ 98 ತೋರಿಸಿತು. ಆ 98 ನೋಡಿ ನಾನು ನಿಶ್ಚಿಂತೆಯಾಗಿ ಹೋಗಿ ಮಲಗಿದೆ. ದಯವಿಟ್ಟು ಇದನ್ನು ನೆನಪಿಡಿ: ರಕ್ತದಲ್ಲಿ ಆಮ್ಲಜನಕದ ಜಾಗದಲ್ಲಿ ಕಾರ್ಬನ್ ಮೊನಾಕ್ಸೈಡ್ ಕೂತಿದ್ದರೂ ಆ ಚಿಕ್ಕ ಯಂತ್ರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ, ಎಲ್ಲ ಸರಿ ಇದೆ ಅಂತಲೇ ತೋರಿಸುತ್ತೆ.

2 ಗಂಟೆಗೆ ಮಗಳು ವಾಂತಿ ಮಾಡಿಕೊಂಡಳು. ಹೆಂಡತಿಗೂ ತಲೆ ಸುತ್ತು, ನನಗೂ ತಲೆ ಸಿಡಿಯುತ್ತಿತ್ತು. ಎಲ್ಲರಿಗೂ ಒಟ್ಟಿಗೆ ಹೇಗೆ ಬರುತ್ತೆ ಅಂತ ಹೆಂಡತಿಯೇ ಕೇಳಿದಳು. ಕೆಳಗೆ ಓಡಿದೆ. ಅಮ್ಮನ ಹೆಸರು ಹಿಡಿದು ಕೂಗಿದೆ, ಅಲುಗಾಡಿಸಿದೆ, ಏಳಲಿಲ್ಲ. ಬೆಡ್‌ಶೀಟ್ ಸಮೇತ ಹುಲ್ಲಿನ ಮೇಲೆ ಎಳೆದು ತಂದು 911ಗೆ ಫೋನ್ ಮಾಡಿದೆವು. ಅಗ್ನಿಶಾಮಕದವರು ಮೀಟರ್ ಹಿಡಿದು ಒಳಗೆ ಹೋದವರು ತಕ್ಷಣ ಹೊರಗೆ ಬಂದು, ಮುಖಕ್ಕೆ ಮಾಸ್ಕ್ ಹಾಕಿಕೊಂಡು ಮತ್ತೆ ಹೋದರು.

ಅಮ್ಮ ಆಸ್ಪತ್ರೆಯಲ್ಲಿ ನಾಲ್ಕು ದಿನ ಆಕ್ಸಿಜನ್ ಮೇಲಿದ್ದರು. ಉಳಿದರು. ಆದರೆ ಐವತ್ತು ವರ್ಷದಿಂದ ಕಣ್ಣು ಮುಚ್ಚಿಕೊಂಡು ಹಾಕುತ್ತಿದ್ದ 15ರಿಂದ 8ರ ಚುಕ್ಕಿ ರಂಗೋಲಿ ಈಗ ಅವರಿಗೆ ಬರುವುದಿಲ್ಲ. ಮೂರನೇ ಸಾಲಿಗೆ ಬರುವಾಗ ನಿಲ್ಲುತ್ತಾರೆ. ಹಿಟ್ಟು ಹಿಡಿದ ಕೈ ಹಾಗೇ ಇರುತ್ತೆ, ತುಟಿ ಎಣಿಸುತ್ತಿರುತ್ತೆ. ಆಮೇಲೆ ಒರೆಸಿಬಿಡುತ್ತಾರೆ.

ಅದಕ್ಕೇ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತೀನಿ, ಬೇಜಾರು ಮಾಡ್ಕೋಬೇಡಿ. ಕೆಟಗರಿ ಅನ್ನೋದು ಗಾಳಿಯ ವೇಗದ ಲೆಕ್ಕ ಮಾತ್ರ. 2017ರಲ್ಲಿ ಹಾರ್ವೆ ಅನ್ನೋ ಚಂಡಮಾರುತ ಮಳೆಯಿಂದ ಹ್ಯೂಸ್ಟನ್ ಮುಳುಗಿಸುವಾಗ ಅದು ಕೆಟಗರಿ 1 ಕೂಡ ಆಗಿರಲಿಲ್ಲ, ಬಲ ಕಳೆದುಕೊಂಡಿತ್ತು. ಗಾಳಿ ಬೀಸುವ ರಾತ್ರಿ ಗಟ್ಟಿ ಮನೆಯೊಳಗೆ ಇರಿ, ಸರಿ. ಊರು ಬಿಡಲು ಆದೇಶ ಬಂದರೆ ಹೊರಡಲೇಬೇಕು. ಆದರೆ ಗಾಳಿ ನಿಂತು, ರಸ್ತೆ ತೆರೆದು, ಕರೆಂಟ್ ಇನ್ನೂ ಬಂದಿಲ್ಲ ಅಂದರೆ ಹಿರಿಯರನ್ನು ಅಲ್ಲಿ ಇಟ್ಟುಕೊಳ್ಳಬೇಡಿ. ಸ್ಯಾನ್ ಆಂಟೋನಿಯೋಗೆ ಮೂರು ಗಂಟೆ ದಾರಿ. ನಾನು ಸೋಮವಾರ ಸಂಜೆಯೇ ಹೊರಟಿದ್ದರೆ! ಮನೆ ಕಾಯಬೇಕು, ಫ್ರೀಜರ್‌ನಲ್ಲಿ ಸಾಮಾನಿದೆ ಅಂತ ಕೂತೆ. ಬಾಗಿಲು ತೆರೆಯದೆ ಬಿಟ್ಟರೆ ತುಂಬಿದ ಫ್ರೀಜರ್ 48 ಗಂಟೆ ತಡೆಯುತ್ತೆ, ಆಮೇಲೆ ಎಸೆದರೂ ಎಷ್ಟು ಡಾಲರಿನ ಮಾತು?

ಜನರೇಟರ್ ಬೇಕೇ ಬೇಕು ಅಂದರೆ 2000 ವಾಟಿನ ಚಿಕ್ಕ ಇನ್ವರ್ಟರ್ ಜನರೇಟರ್, ಒಂದು ಕಿಟಕಿ ಏಸಿ, ಎಲ್ಲರೂ ಒಂದೇ ರೂಮಿನಲ್ಲಿ. ದೊಡ್ಡದು ಬೇಡ. ಮನೆಯಿಂದ 20 ಅಡಿಗಿಂತ ದೂರ ಇಡಿ, ಕಿಟಕಿ ಬಾಗಿಲ ಕಡೆ ಹೊಗೆ ತಿರುಗದ ಹಾಗೆ. ಕಳ್ಳತನದ ಭಯ ಇದ್ದರೆ ಸರಪಳಿ ಹಾಕಿ ಮರಕ್ಕೆ ಕಟ್ಟಿ. ಕಳುವಾದರೆ ಕಳುವಾಗಲಿ. ಮಳೆ ಬಂದರೆ ಆಫ್ ಮಾಡಿ.

ಅದಕ್ಕಿಂತ ಮೊದಲು, ಇವತ್ತೇ, ಬ್ಯಾಟರಿಯ ಕಾರ್ಬನ್ ಮೊನಾಕ್ಸೈಡ್ ಅಲಾರ್ಮ್ ತನ್ನಿ. ಪ್ರತಿ ಮಹಡಿಗೆ ಒಂದು, ಮಲಗುವ ರೂಮುಗಳ ಹತ್ತಿರ. ನಿಮ್ಮ ಅತ್ತೆ ಮಾವ ಯಾವ ರೂಮಿನಲ್ಲಿ ಮಲಗುತ್ತಾರೆ? ಅದರ ಗೋಡೆಯ ಆ ಕಡೆ ಗ್ಯಾರೇಜ್ ಇದ್ಯಾ ಅಂತ ಹೋಗಿ ನೋಡಿ ಬನ್ನಿ.