ಸೈಕ್ಸ್ ಎಂಬ ಕುಲನಾಮದವರೆಲ್ಲ ಒಬ್ಬನೇ ಮೂಲಪುರುಷನ ವಂಶದವರೇ?

ಹೆಸರು ಒಬ್ಬನಿಂದಲೇ ಶುರುವಾಗಿರಬಹುದು ಎನ್ನಲು ಆಧಾರವಿದೆ. ಇದು ಇಂಗ್ಲೆಂಡಿನ ಯಾರ್ಕ್‌ಷೈರ್ ಕಡೆಯ ಹೆಸರು. ‘ಸೈಕ್’ ಎಂದರೆ ಆ ಸೀಮೆಯ ಮಾತಿನಲ್ಲಿ ಸಣ್ಣ ತೊರೆ. ಅಂಥ ತೊರೆಗಳಿಗೇನು ಬರ? ದಡದಲ್ಲಿದ್ದ ಹಲವು ಮನೆತನಗಳಿಗೆ ಹೆಸರು ಬೇರೆ ಬೇರೆಯಾಗಿಯೇ ಅಂಟಿರಬೇಕು ಎಂದು ಯಾರಿಗೂ ಅನಿಸುತ್ತದೆ. ಆಕ್ಸ್‌ಫರ್ಡಿನ ತಳಿವಿಜ್ಞಾನಿ ಬ್ರಯನ್ ಸೈಕ್ಸ್ (ಅವರದೂ ಅದೇ ಹೆಸರು!) 2000ರಲ್ಲಿ ಪ್ರಕಟಿಸಿದ ಅಧ್ಯಯನ ಬೇರೆಯೇ ಕಥೆ ಹೇಳಿತು. ಗಂಡಸರಲ್ಲಿ ಮಾತ್ರ ಇರುವ ವಂಶವಾಹಿಗಳ ಎಳೆಯಾದ ವೈ ಕ್ರೋಮೋಸೋಮ್ ಕುಲನಾಮದಂತೆಯೇ ತಂದೆಯಿಂದ ಮಗನಿಗೆ ಬರುತ್ತದೆ. ಪರೀಕ್ಷಿಸಿದ 48 ಸೈಕ್ಸ್ ಗಂಡಸರಲ್ಲಿ ಸುಮಾರು ಅರ್ಧದಷ್ಟು ಜನರಲ್ಲಿ ಅದರ ಒಂದೇ ಮಾದರಿ ಸಿಕ್ಕಿತು. ಹೋಲಿಕೆಗೆಂದು ಪರೀಕ್ಷಿಸಿದ ಅದೇ ಸೀಮೆಯ ಇತರರಲ್ಲಿ ಅದು ಕಾಣಲಿಲ್ಲ. ಉಳಿದರ್ಧ? ಇಪ್ಪತ್ತಕ್ಕೂ ಹೆಚ್ಚು ತಲೆಮಾರುಗಳಲ್ಲಿ ದತ್ತು, ವಿವಾಹೇತರ ಸಂತಾನ ಆಗಾಗ ನುಸುಳಿದ್ದರೂ ಸಾಕು, ಲೆಕ್ಕ ಸರಿಹೋಗುತ್ತದೆ.